ರೆಬೆಕಾ: ಕಥೆ ಒಂದು, ಜೋಡಿ ಐದು

ಡಾಫ್ನೆ ಡು ಮೊರಿಯೆ 1938ರಲ್ಲಿ ಬರೆದ ‘ರೆಬೆಕಾ’ ಕಾದಂಬರಿಯಲ್ಲಿ ಗಂಡನಿಗೆ 42, ಹೊಸ ಹೆಂಡತಿಗೆ 21. ಈ ಲೆಕ್ಕ ಸುಮ್ಮನೆ ಬಂದದ್ದಲ್ಲ. ಆ ಹುಡುಗಿ ಗಂಡನನ್ನು ಬಾಯಿಬಿಟ್ಟು ಕೇಳದೆ ಉಳಿಸಿಕೊಂಡ ಒಂದೇ ಪ್ರಶ್ನೆಯ ಮೇಲೆ ಇಡೀ ಸಸ್ಪೆನ್ಸ್ ನಿಂತಿದೆ: ನಿಮ್ಮ ಮೊದಲ ಹೆಂಡತಿ ರೆಬೆಕಾಗೆ ನಿಜವಾಗಿ ಏನಾಯಿತು? ಸರಿವಯಸ್ಸಿನವಳಾಗಿದ್ದರೆ ಮದುವೆಯಾದ ವಾರದೊಳಗೇ ಕೇಳಿಬಿಡುತ್ತಿದ್ದಳು. ಹಾಗಾಗಿ ಇದನ್ನು ತೆರೆಗೆ ತಂದವರ ಕೆಲಸ ತೂಗಬೇಕಾದರೆ ಮೊದಲು ಜೋಡಿಯನ್ನೇ ನೋಡಬೇಕು.

ಹಿಚ್‌ಕಾಕ್ ಅವರ 1940ರ ಕಪ್ಪು-ಬಿಳುಪು ಚಿತ್ರವನ್ನು ಇವತ್ತಿಗೂ ಯಾರೂ ಮೀರಿಸಿಲ್ಲ. ಆದರೆ ಅದರಲ್ಲಿ ವಯಸ್ಸಿನ ಅಂತರ ಕಾದಂಬರಿಯದರಲ್ಲಿ ಅರ್ಧ ಮಾತ್ರ. 1939ರ ಸೆಪ್ಟೆಂಬರಿನಲ್ಲಿ ಶೂಟಿಂಗ್ ಶುರುವಾದಾಗ ಲಾರೆನ್ಸ್ ಒಲಿವಿಯೇಗೆ 32, ಜೋನ್ ಫಾಂಟೇನ್‌ಗೆ 21. ಕಡಿಮೆ ಬಿದ್ದ ಹತ್ತು ವರ್ಷಗಳನ್ನು ಚಿತ್ರ ಬೇರೆ ಬೇರೆ ಕಡೆಯಿಂದ ತುಂಬಿಕೊಳ್ಳುತ್ತದೆ. ಒಲಿವಿಯೇ ಅವರ ಕಪಾಳದ ಪಕ್ಕದ ಕೂದಲಿಗೆ ನರೆ ಹಚ್ಚಿದ್ದಾರೆ, ಮೀಸೆ ಇಟ್ಟಿದ್ದಾರೆ. ಫಾಂಟೇನ್‌ಗೆ ಸಾದಾ ಕಾರ್ಡಿಗನ್, ಮುದುಡಿದ ಭುಜ, ಎಲ್ಲಿಡಬೇಕೆಂದು ತೋಚದ ಕೈಗಳು. ಗಂಡನ ಮನೆಯಾದ ಮ್ಯಾಂಡರ್ಲಿ ಬಂಗಲೆಯ ಬಾಗಿಲುಗಳನ್ನು ಗಮನಿಸಿ: ಹಿಡಿಕೆಗಳು ಹೆಚ್ಚುಕಡಿಮೆ ಅವಳ ಭುಜದ ಮಟ್ಟಕ್ಕಿವೆ. ದೊಡ್ಡವರ ಮನೆಗೆ ತಪ್ಪಿ ಬಂದ ಮಗುವಿನ ಹಾಗೆ ಕಾಣುತ್ತಾಳೆ.

ಬರೆಯುವ ಮೇಜಿನ ಮೇಲಿದ್ದ ಪಿಂಗಾಣಿ ಬೊಂಬೆ ಅವಳ ಕೈತಾಗಿ ಬಿದ್ದು ಒಡೆಯುತ್ತದೆ. ಮನೆಯೊಡತಿ ಅವಳೇ, ಕೇಳುವವರು ಯಾರೂ ಇಲ್ಲ. ಆದರೂ ಚೂರುಗಳನ್ನು ಆಯ್ದು ಡ್ರಾಯರಿನೊಳಗೆ ಬಚ್ಚಿಡುತ್ತಾಳೆ. ಈ ಒಂದು ಸೀನ್ ಅಂತರವನ್ನು ಎಷ್ಟು ಚೆನ್ನಾಗಿ ಕಾಣಿಸುತ್ತದೆ ಎಂದರೆ, ಆಮೇಲೆ ನಟರ ಹುಟ್ಟಿದ ವರ್ಷ ನೆನಪಿಗೇ ಬರುವುದಿಲ್ಲ.

ಮನೆವಾರ್ತೆ ನೋಡಿಕೊಳ್ಳುವ ಮಿಸೆಸ್ ಡ್ಯಾನ್ವರ್ಸ್ ಆಗಿ ನಟಿಸಿದ ಜುಡಿತ್ ಆಂಡರ್ಸನ್ ಅವರಿಗೆ ಆಗ 42. ಕಾದಂಬರಿಯಲ್ಲಿ ಗಂಡ-ಹೆಂಡಿರ ನಡುವೆ ಇದ್ದ 42-21 ಇಲ್ಲಿ ಈ ಇಬ್ಬರು ಹೆಂಗಸರ ನಡುವೆ ಬಂದು ಕೂತಿದೆ. ರೆಬೆಕಾಳ ತುಪ್ಪಳದ ಕೋಟನ್ನು ಡ್ಯಾನ್ವರ್ಸ್ ಹುಡುಗಿಯ ಕೆನ್ನೆಗೆ ತಾಗಿಸುವಾಗ ಮೈ ಜುಂ ಎನ್ನುವುದಕ್ಕೆ ಇದೂ ಒಂದು ಕಾರಣ.

ಹೊಸ ಹೆಂಡತಿಯ ಪಾತ್ರ ತಮ್ಮ ಪ್ರೇಯಸಿ, ನಟಿ ವಿವಿಯನ್ ಲೀ ಅವರಿಗೆ ಸಿಗಬೇಕೆಂದು ಒಲಿವಿಯೇ ಬಯಸಿದ್ದರು. ಲೀ ಅವರಿಗಾಗ 25, ಅಂದರೆ ವಯಸ್ಸೇನೂ ಮೀರಿರಲಿಲ್ಲ. ಅಡ್ಡಿಯಾದದ್ದು ಅವರ ಮುಖದ ಧೈರ್ಯ. ಸ್ಕ್ರೀನ್ ಟೆಸ್ಟಿನ ತುಣುಕು ಇವತ್ತಿಗೂ ಇದೆ, ನೋಡಿ: ಡ್ಯಾನ್ವರ್ಸ್ ಎದುರಿಗೆ ಈಕೆ ತಲೆ ತಗ್ಗಿಸುತ್ತಾಳೆಂದು ನಂಬಲು ಆಗುವುದೇ ಇಲ್ಲ.

2020ರ ನೆಟ್‌ಫ್ಲಿಕ್ಸ್ ಆವೃತ್ತಿ ಸೋಲುವುದು ಸರಿಯಾಗಿ ಈ ಜಾಗದಲ್ಲಿ. ಆರ್ಮಿ ಹ್ಯಾಮರ್ ಹುಟ್ಟಿದ್ದು 1986ರಲ್ಲಿ, ಲಿಲಿ ಜೇಮ್ಸ್ 1989ರಲ್ಲಿ. ಅಂತರ ಮೂರು ವರ್ಷವೂ ಇಲ್ಲ. ಸಾಸಿವೆ ಬಣ್ಣದ ಸೂಟ್ ತೊಟ್ಟ ಹೀರೋ, ಕಡಲತೀರದ ಪ್ರಣಯ, ಎಲ್ಲವೂ ಕಣ್ಣಿಗೆ ತಂಪು. ಆದರೆ ಮೂವತ್ತರ ಆಸುಪಾಸಿನ ಚೂಟಿ ಹೆಂಗಸು ಗಂಡನ ಮನೆಗೆ ಬಂದ ಕೂಡಲೇ ಏಕೆ ಮಂಕಾಗುತ್ತಾಳೆ ಎಂಬುದಕ್ಕೆ ಚಿತ್ರದಲ್ಲಿ ಉತ್ತರವಿಲ್ಲ. ನರೆಯೋ ನಿಲುವೋ, ತುಂಬಿಕೊಡುವ ಉಪಾಯವನ್ನೂ ಮಾಡಿಲ್ಲ. ಕ್ರಿಸ್ಟಿನ್ ಸ್ಕಾಟ್ ಥಾಮಸ್ ಅವರ ಡ್ಯಾನ್ವರ್ಸ್ ಒಬ್ಬರಿಗಾಗಿ ಬೇಕಾದರೆ ನೋಡಬಹುದು.

1997ರ ಬ್ರಿಟಿಷ್ ಟಿವಿ ಆವೃತ್ತಿ ಇದಕ್ಕೆ ಪೂರ್ತಿ ತಿರುವುಮುರುವು. ಚಾರ್ಲ್ಸ್ ಡಾನ್ಸ್ ಅವರಿಗೂ ಎಮಿಲಿಯಾ ಫಾಕ್ಸ್ ಅವರಿಗೂ ಸುಮಾರು 28 ವರ್ಷದ ಅಂತರ, ಕಾದಂಬರಿಗಿಂತ ಏಳು ಹೆಚ್ಚು. ಹುಡುಗಿಯ ಮೌನ ಇಲ್ಲಿ ತಾನಾಗಿ ನಂಬಿಕೆ ಹುಟ್ಟಿಸುತ್ತದೆ. ತೊಂದರೆ ಇನ್ನೊಂದು ಕಡೆಯದು: ಇಬ್ಬರೂ ಒಂದೇ ಫ್ರೇಮಿನಲ್ಲಿ ನಿಂತಾಗ ಅಪ್ಪ-ಮಗಳಂತೆ ಕಂಡು ಪ್ರೀತಿ ಒಂದಿಷ್ಟು ಸೊರಗುತ್ತದೆ. ಹಾಗಿದ್ದರೂ ಹಿಚ್‌ಕಾಕ್ ನಂತರದ ಸ್ಥಾನ ಇದಕ್ಕೇ. 1979ರ ಬಿಬಿಸಿ ಧಾರಾವಾಹಿಯಲ್ಲಿ ಜೆರೆಮಿ ಬ್ರೆಟ್ ಜೊತೆ ಇದೇ ಪಾತ್ರ ಮಾಡಿದವರು ಎಮಿಲಿಯಾ ಅವರ ತಾಯಿ ಜೊಅನಾ ಡೇವಿಡ್; ಅಲ್ಲಿ ಅಂತರ 13 ವರ್ಷ, ಹದವಾಗಿದೆ.

ನಮ್ಮ ದೇಶದ್ದೂ ಒಂದಿದೆ: 1964ರ ಹಿಂದಿ ಚಿತ್ರ ‘ಕೊಹರಾ’. ಬಿಸ್ವಜಿತ್ 1936ರವರು, ವಹೀದಾ ರೆಹಮಾನ್ 1938ರವರು. ವಯಸ್ಸಿನಲ್ಲಿ ಹೆಚ್ಚುಕಡಿಮೆ ಸಮ. ನಿರ್ದೇಶಕ ಬೀರೇನ್ ನಾಗ್ ಅವರು ಜಾಣತನದಿಂದ ಅವಳನ್ನು ಅನಾಥೆಯಾಗಿ, ಅವನನ್ನು ಸಿರಿವಂತ ಮನೆತನದವನಾಗಿ ಇಟ್ಟರು. ವಯಸ್ಸು ಮಾಡಬೇಕಾದ ಕೆಲಸವನ್ನು ಅಂತಸ್ತು ಮಾಡುತ್ತದೆ, ಉಳಿದದ್ದನ್ನು ಡ್ಯಾನ್ವರ್ಸ್ ಮಾದರಿಯ ಪಾತ್ರದಲ್ಲಿ ಲಲಿತಾ ಪವಾರ್ ನೋಡಿಕೊಳ್ಳುತ್ತಾರೆ. 2020ರವರಿಗೂ ಈ ದಾರಿ ತೆರೆದೇ ಇತ್ತು.

ಹಿಚ್‌ಕಾಕ್ ಚಿತ್ರ 130 ನಿಮಿಷದ್ದು. ಮ್ಯಾಂಡರ್ಲಿ ಬೇಗ ಬರಲೆಂದು, ಇಬ್ಬರೂ ಭೇಟಿಯಾಗುವ ಮೊದಲಿನ ಮಾಂಟೆ ಕಾರ್ಲೊ ಭಾಗವನ್ನು ಓಡಿಸಬೇಡಿ. ಅವನು ಮದುವೆಯ ಮಾತೆತ್ತುವುದು ಅಲ್ಲೇ, ಅದೂ ಎದುರಿಗೆ ನಿಂತಲ್ಲ. ಪಕ್ಕದ ಕೋಣೆಯಲ್ಲಿ ಬಟ್ಟೆ ತೊಡುತ್ತಾ, ಪೆದ್ದಿ ಎಂದು ಗದರುತ್ತಾ ಕೇಳುತ್ತಾನೆ. ಕ್ಯಾಮೆರಾ ಇರುವುದು ಈಚೆ, ಕೇಳಿಸಿಕೊಂಡ ಹುಡುಗಿಯ ಮುಖದ ಮೇಲೆ.