ಸತ್ತಿದೆ ಅಂದಿದ್ದ ಹಾರ್ಡ್ ಡಿಸ್ಕ್ ಮತ್ತು ನವನಗರದ ಒಂದು ರಿಪೇರಿ ಅಂಗಡಿ

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಮದುವೆ, ಸೀಮಂತ, ಗೃಹಪ್ರವೇಶ, ಎಲ್ಲ ಫೋಟೋಗಳೂ 4 ಟಿಬಿಯ ಒಂದೇ ಹಾರ್ಡ್ ಡಿಸ್ಕಿನಲ್ಲಿವೆ. ಅದರಲ್ಲಿ ‘ಅಪ್ಪ’ ಅಂತ ಒಂದು ಫೋಲ್ಡರ್. ಹಳೇ ಬಾಗಲಕೋಟೆಯ ಓಣಿಗಳು ಆಲಮಟ್ಟಿ ಹಿನ್ನೀರಿಗೆ ಹೋಗುವ ಮುಂಚೆ ಅಪ್ಪ ತೆಗೆದ ಫೋಟೋಗಳು. ನೆಗೆಟಿವ್‌ಗಳು ಬೂಷ್ಟು ಹಿಡಿದು ಹಾಳಾದವು. ಉಳಿದಿರೋದು ನಾನು ಸ್ಕ್ಯಾನ್ ಮಾಡಿಟ್ಟದ್ದು ಮಾತ್ರ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗೀತಲ್ವಾ, ಹಾಗಾಗಿ ನಾನೂ 11 ಹಾಕಿಸಿದೆ. ಊರಿನ ಒಂದು ಅಂಗಡಿಯವರು ಹೊಸ ಎನ್‌ವಿಎಂಇ ಎಸ್ಎಸ್‌ಡಿ (ಮದರ್‌ಬೋರ್ಡಿನ ಮೇಲೇ ಕೂರುವ ವೇಗದ ಡಿಸ್ಕ್) ಕೂರಿಸಿ, ಅದರ ಮೇಲೆ ವಿಂಡೋಸ್ ಹಾಕಿ ಕೊಟ್ಟರು. ಕಂಪ್ಯೂಟರ್ ಜೋರಾಗಿ ಓಡ್ತಿತ್ತು. ಆದರೆ ಹಾರ್ಡ್ ಡಿಸ್ಕ್ ಎಲ್ಲೂ ಇಲ್ಲ. ವಾಪಸ್ ಒಯ್ದರೆ, ‘ಬಯೋಸ್‌ನಲ್ಲೇ (ಕಂಪ್ಯೂಟರ್ ಚಾಲೂ ಆದಾಗ ಮೊದಲು ಓಡೋ ಪ್ರೋಗ್ರಾಂ) ತೋರಿಸ್ತಿಲ್ಲ, ಡಿಸ್ಕ್ ಸತ್ತಿದೆ, ಪುಣೆಗೆ ಕಳಿಸಿ, 20 ಸಾವಿರ ಆಗುತ್ತೆ’ ಅಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಗೆಳೆಯನೊಬ್ಬ ಹೇಳಿದ ಅಂಗಡಿಗೆ ಹೋದೆ. ಹೆಸರು ಬರೀಬೇಡಿ ಅಂತ ಅಂಗಡಿಯವರೇ ಕೇಳಿಕೊಂಡಿದ್ದಾರೆ, ಇರೋ ಕೆಲಸವೇ ಅವರಿಗೆ ಜಾಸ್ತಿ. ನವನಗರ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರ, ಮೊದಲನೇ ಮಹಡಿ.

ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಕಾಣಸಲಾರ್ದಂಗ ಆಗೂಕಿಂತ ಮೊದಲ ಏನೇನ್ ಬದಲಿ ಮಾಡ್ಸೀರಿ, ಸರ?’ ಹೊಸ ಎಸ್ಎಸ್‌ಡಿ ಅಂದ ಕೂಡಲೇ ತಲೆ ಆಡಿಸಿದರು. ಕ್ಯಾಬಿನೆಟ್ ಬಿಚ್ಚಿ, ಚಾಲೂ ಮಾಡಿ, ಡಿಸ್ಕಿನ ಮೇಲೆ ಅಂಗೈ ಇಟ್ಟರು. ನನ್ನ ಕೈಯನ್ನೂ ಇಡಿಸಿದರು. ಸಣ್ಣಗೆ ನಡುಕ ಬರ್ತಿತ್ತು. ‘ತಿರಗಾಕ್ ಹತ್ತೇತಿ ನೋಡ್ರಿ. ಟಕ್ ಟಕ್ ಅಂತ ಸಪ್ಪಳಾನೂ ಇಲ್ಲ. ಸತ್ತಿಲ್ರೀ ಇದು.’

ಮೊದಲು ಸಾಟಾ ಕೇಬಲ್, ಅಂದರೆ ಡಿಸ್ಕನ್ನ ಮದರ್‌ಬೋರ್ಡಿಗೆ ಜೋಡಿಸೋ ಕೇಬಲ್, ಬದಲಿಸಿದರು. ಆಗಲಿಲ್ಲ. ಆಮೇಲೆ ಟಾರ್ಚ್ ಹಿಡಿದು ಮದರ್‌ಬೋರ್ಡಿನ ಮೇಲೆ ಬಿಳಿ ಅಕ್ಷರದಲ್ಲಿದ್ದ ಮಾಡೆಲ್ ನಂಬರ್ ಓದಿ, ಅದರ ಮ್ಯಾನ್ಯುಯಲ್ಲನ್ನು ಮೊಬೈಲಿನಲ್ಲಿ ತೆಗೆದರು. ಅಲ್ಲೊಂದು ಸಣ್ಣ ಕೋಷ್ಟಕ ಇತ್ತು. ಎಂ.2 ಸ್ಲಾಟಿನಲ್ಲಿ, ಅಂದರೆ ಹೊಸ ಡಿಸ್ಕ್ ಕೂರೋ ಜಾಗದಲ್ಲಿ, ಎಸ್ಎಸ್‌ಡಿ ಕೂತರೆ ಸಾಟಾದ ಒಂದು ಪೋರ್ಟ್ ಬಂದ್ ಆಗುತ್ತೆ ಅಂತ. ಎರಡಕ್ಕೂ ಒಳಗಿನ ದಾರಿ ಒಂದೇ. ಎಲ್ಲ ಬೋರ್ಡುಗಳೂ ಹೀಗಿರಲ್ಲ, ಆದರೆ ಇಂಥವು ಬಹಳ ಇವೆ. ನನ್ನ ಡಿಸ್ಕ್ ಸರಿಯಾಗಿ ಆ ಪೋರ್ಟಿಗೇ ಸಿಕ್ಕಿಕೊಂಡಿತ್ತು. ಕೇಬಲ್ ಕಿತ್ತು ಪಕ್ಕದ ಪೋರ್ಟಿಗೆ ಹಾಕಿದರು. ಬಯೋಸ್‌ನಲ್ಲಿ ಡಿಸ್ಕ್ ಬಂತು.

ಅಷ್ಟಕ್ಕೇ ಬಿಡಲಿಲ್ಲ. ಹೊಸ ಎಸ್ಎಸ್‌ಡಿಯನ್ನ ಎರಡು ಭಾಗ ಮಾಡಿದ್ದರಿಂದ ‘ಡಿ’ ಅಕ್ಷರ ಅದಕ್ಕೆ ಹೋಗಿ, ನನ್ನ ಡಿಸ್ಕ್ ‘ಇ’ ಆಗಿತ್ತು. ಫೋಟೋ ಎಡಿಟ್ ಮಾಡೋ ಲೈಟ್‌ರೂಮ್ ತೆಗೆದರೆ ಪ್ರತಿ ಫೋಲ್ಡರಿನ ಮೇಲೂ ಪ್ರಶ್ನೆ ಚಿಹ್ನೆ. ಅದು ಫೋಟೋಗಳನ್ನ ಇನ್ನೂ ಹಳೇ ‘ಡಿ’ಯಲ್ಲೇ ಹುಡುಕ್ತಿತ್ತು. ವಿಂಡೋಸ್‌ನಲ್ಲೇ ಇರೋ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಅಕ್ಷರಗಳನ್ನ ಅದಲು ಬದಲು ಮಾಡಿ ಲೈಟ್‌ರೂಮನ್ನ ಮತ್ತೆ ತೆಗೆದಾಗ ಚಿಹ್ನೆಗಳು ಮಾಯ. ‘ಅಪ್ಪ’ ಫೋಲ್ಡರ್ ಒತ್ತಿದೆ. ಮುಳುಗಿ ಹೋದ ನಮ್ಮ ಮನೆಯ ಕಟ್ಟೆ, ಅದರ ಮೇಲೆ ಅಜ್ಜಿ. ಅಂಗಡಿಯಲ್ಲೇ ಕಣ್ಣು ತುಂಬಿ ಬಂತು. ಅವರು ಏನೂ ಅನ್ನದೆ ಚಹಾ ತರಿಸಿದರು.

ಚಹಾ ಕುಡೀತಾ ಇನ್ನೊಂದು ಮಾತು ಹೇಳಿದರು. ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದಾಗ ‘ಇನಿಶಿಯಲೈಸ್ ಮಾಡಲಾ’, ‘ಫಾರ್ಮ್ಯಾಟ್ ಮಾಡಲಾ’ ಅಂತ ಕೇಳಿದರೆ ಗಾಬರಿಯಲ್ಲಿ ಒತ್ತಿಬಿಡ್ತಾರಂತೆ ಜನ. ‘ಒತ್ತಬ್ಯಾಡ್ರಿ, ಸರ. ಕ್ಯಾನ್ಸಲ್ ಮಾಡಿ ನಮ್ಮಂತಾವ್ರ ಕಡೆ ತರ್ರಿ.’ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನೋ ಪ್ರೋಗ್ರಾಂನಲ್ಲಿ ಡಿಸ್ಕಿನ ಆರೋಗ್ಯವನ್ನೂ ತೋರಿಸಿದರು. ಕೆಟ್ಟ ಸೆಕ್ಟರ್ ಒಂದೂ ಇರಲಿಲ್ಲ. ಆದರೂ ಇನ್ನೊಂದು ಕಾಪಿ ಇವತ್ತೇ ಮಾಡಿ ಅಂದರು. ಅವರ ಹತ್ತಿರ ಎಕ್ಸ್‌ಟರ್ನಲ್ ಡಿಸ್ಕ್ ಮಾರಾಟಕ್ಕಿದ್ದರೂ ತಗೊಳ್ಳಿ ಅಂತ ಒತ್ತಾಯ ಮಾಡಲಿಲ್ಲ. ನಾನೇ ಕೇಳಿ ತಗೊಂಡೆ. ರಿಪೇರಿಗೆ ತಗೊಂಡಿದ್ದು 350 ರೂಪಾಯಿ.

ಕೊರತೆನೂ ಹೇಳಬೇಕು. ಮೆಟ್ಟಿಲು ಕಡಿದು, ಕ್ಯಾಬಿನೆಟ್ ಹೊತ್ತು ಹತ್ತೋದು ಕಷ್ಟ. ಕೆಲಸ ಮಾಡೋರು ಒಬ್ಬರೇ. ನನ್ನ ಕೆಲಸ ಮುಕ್ಕಾಲು ಗಂಟೆಯದ್ದು, ಕಾದಿದ್ದು ಎರಡು ಗಂಟೆ. ಫೋನ್ ಮಾಡಿದರೆ ಎತ್ತೋದು ಕಡಿಮೆ. ಬೆಳಿಗ್ಗೆ ಹತ್ತೂವರೆಗೆ ಬಾಗಿಲು ತೆಗೀತಾರೆ, ಆಗಲೇ ಹೋಗಿ. ಏನೇನು ಬದಲಾಯಿಸಿದ್ರಿ ಅನ್ನೋದನ್ನ ಒಂದು ಚೀಟಿಯಲ್ಲಿ ಬರಕೊಂಡು ಹೋಗಿ, ಅವರು ಮೊದಲು ಕೇಳೋದೇ ಅದನ್ನ.