ಕೆಗ್‌ನಲ್ಲಿ ಹುಳಿ ಬಿಯರ್: ಸಕ್ಕರೆಯೋ, ಸಿಲಿಂಡರೋ?

ಮನೆಯಲ್ಲಿ ಮಾಡಿದ ಹುಳಿ ಬಿಯರನ್ನು 19 ಲೀಟರಿನ ಕೆಗ್‌ಗೆ (ಒತ್ತಡ ತಡೆಯುವ ಪೀಪಾಯಿ) ತುಂಬಿದ ಮೇಲೆ ಗ್ಯಾಸ್, ಅಂದರೆ ಕಾರ್ಬನ್ ಡೈಆಕ್ಸೈಡ್, ಹಿಡಿಸಲು ಎರಡು ದಾರಿ: ಸಿಲಿಂಡರಿನಿಂದ ಕೊಡುವುದು, ಇಲ್ಲವೇ ಸಕ್ಕರೆ ಹಾಕಿ ಒಳಗೇ ಹುಟ್ಟಿಸುವುದು. ಸಿಲಿಂಡರಿನದು ಸುಲಭ. 4 ಡಿಗ್ರಿಗೆ ತಣಿಸಿ 12 ಪಿಎಸ್‌ಐ ಒತ್ತಡದಲ್ಲಿಟ್ಟರೆ ವಾರ, ಹತ್ತು ದಿನದಲ್ಲಿ ಸಿದ್ಧ. ಹೆಚ್ಚುಕಮ್ಮಿಯಾದರೆ ರೆಗ್ಯುಲೇಟರ್ ತಿರುಗಿಸಿದರಾಯಿತು.

ಸಕ್ಕರೆ ಹಾಕಿ ಕೆಗ್‌ನೊಳಗೇ ಹುದುಗಿಸಲು ತಾಳ್ಮೆ ಬೇಕು. ಲೀಟರಿಗೆ 4 ಗ್ರಾಂ ಸಕ್ಕರೆಯಿಂದ ಸುಮಾರು ಒಂದು ವಾಲ್ಯೂಮ್ (ಬಿಯರಿನ ಗಾತ್ರದಷ್ಟೇ) ಗ್ಯಾಸ್ ಹುಟ್ಟುತ್ತದೆ. ಆದರೆ ತಿಂಗಳುಗಟ್ಟಲೆ ಹುಳಿಯಲ್ಲಿ ಕೂತ ಯೀಸ್ಟ್ ಸೊರಗಿರುತ್ತದೆ. ಹುಳಿಯ ಅಳತೆಯಾದ ಪಿಎಚ್ 3.3ರ ಆಸುಪಾಸಿನಲ್ಲಿ ಅದನ್ನೇ ನಂಬಿ ಕೂರಬೇಡಿ, ಇಸಿ-1118ರಂಥ ವೈನ್ ಯೀಸ್ಟನ್ನು ಹೊಸದಾಗಿ ಸೇರಿಸಿ. ಮುಚ್ಚಳದ ರಬ್ಬರ್ ಬಿಗಿಯಾಗಿ ಕೂರಲು ಮೊದಲು ಸ್ವಲ್ಪ ಗ್ಯಾಸ್ ಕೊಡಲೇಬೇಕು; ಇಲ್ಲದಿದ್ದರೆ ಹುಟ್ಟಿದ್ದೆಲ್ಲ ಸಂದಿಯಲ್ಲಿ ಸೋರಿಹೋದೀತು. ಅಂದರೆ ಸಿಲಿಂಡರ್ ಖರ್ಚು ಇಲ್ಲೂ ತಪ್ಪುವುದಿಲ್ಲ.

ಆದರೂ ನನ್ನ ಒಲವು ಸಕ್ಕರೆಯ ದಾರಿಯತ್ತಲೇ. ಚುರುಕಾದ ಯೀಸ್ಟ್, ತುಂಬುವಾಗ ಒಳಸೇರಿದ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಬ್ರೆಟ್ (ಬ್ರೆಟನೊಮೈಸಿಸ್ ಎಂಬ ಕಾಡು ಯೀಸ್ಟ್) ಇರುವ ಬಿಯರಿಗೆ ಇದೇ ದೊಡ್ಡ ಲಾಭ: ಆಮ್ಲಜನಕ ಸಿಕ್ಕರೆ ಬ್ರೆಟ್ ವಿನೆಗರ್ ಹುಳಿ ಕಟ್ಟುತ್ತದೆ. ಉಳಿದ ಸಕ್ಕರೆಯನ್ನು ಅದು ನಿಧಾನವಾಗಿ ತಿನ್ನುತ್ತ ಒತ್ತಡ ಏರಿಸಬಹುದು, ಗೇಜ್ ನೋಡುತ್ತಿರಿ. ತಳದಲ್ಲಿ ಗಸಿ ಕೂರುವುದರಿಂದ ಮೊದಲ ಲೋಟ ಚೆಲ್ಲಿ. ಮುಂದಿನ ವಾರವೇ ನೆಂಟರು ಬರುವುದಿದ್ದರೆ ಮಾತ್ರ ಸಿಲಿಂಡರಿಗೇ ಹೋಗಿ.