ಯುಎಸ್‌ಬಿ ಮೈಕ್ರೋಸ್ಕೋಪ್: ಟ್ರೈಕೋಕಾರ್ಡ್ ನೋಡೋಕೆ ಸಾಕು, ಜಾತಿ ಹೇಳೋಕೆ ಸಾಲದು

ಮೂರು ಸ್ಟಾರ್. ಪೆಟ್ಟಿಗೆ ಮೇಲೆ ‘1600 ಎಕ್ಸ್’ (ಅಂದರೆ 1600 ಪಟ್ಟು ದೊಡ್ಡದಾಗಿ ತೋರಿಸುತ್ತದೆ) ಅಂತ ಅಚ್ಚು ಹಾಕದೇ ಇದ್ದಿದ್ದರೆ ನಾಲ್ಕು ಕೊಡುತ್ತಿದ್ದೆ.

ನಮ್ಮದು ಮಂಡ್ಯ ಕಡೆ ಕಬ್ಬು, ಭತ್ತ. ಎರಡಕ್ಕೂ ಟ್ರೈಕೋಕಾರ್ಡ್ ಕಟ್ಟುತ್ತೇವೆ. ಕಾರ್ಡಿಗೆ ಅಂಟಿಸಿರುವುದು ಅಕ್ಕಿ ಪತಂಗದ ಮೊಟ್ಟೆ, ಅದರೊಳಗೆ ಬೆಳೆಯುವುದು ಟ್ರೈಕೋಗ್ರಾಮಾ ಕಣಜ. ಅದು ಹೊರಬಂದು ಕೊರಕ ಹುಳುವಿನ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಟ್ಟು ಅದನ್ನು ಕೊಲ್ಲುತ್ತದೆ. ಇದರಲ್ಲಿ ಕಬ್ಬಿನ ಸುಳಿ ಕೊರಕಕ್ಕೆ ಕಿಲೋನಿಸ್ ಅನ್ನುವ ಜಾತಿ, ಭತ್ತದ ಕಾಂಡ ಕೊರಕಕ್ಕೆ ಜಪೋನಿಕಂ ಅನ್ನುವ ಜಾತಿ. ಕಾರ್ಡ್ ನೋಡಿದರೆ ಎರಡೂ ಬರೀ ಕಪ್ಪು ಚುಕ್ಕೆ. ಈ ಸಲ ಹೆಸರಿನ ಚೀಟಿಯೇ ಇಲ್ಲದೆ ಬಂತು. ಕಾರ್ಡ್ ಕೊಟ್ಟವರನ್ನು ಕೇಳಿದರೆ ‘ಎಲ್ಲಾ ಒಂದೇ ಬಿಡಿ ಸಾರ್’ ಅಂದರು. ಒಂದೇ ಆಗಿದ್ದರೆ ಎರಡು ಹೆಸರು ಯಾಕೆ? ಅದಕ್ಕೇ ಈ ಯಂತ್ರ ತರಿಸಿದ್ದು.

ಮೊದಲು ಒಳ್ಳೆಯದು. ಕಣಜದ ಉದ್ದ ಅರ್ಧ ಮಿಲಿಮೀಟರ್ ಆಸುಪಾಸು. ಅದರ ಕೆಂಪು ಕಣ್ಣು ಚೆನ್ನಾಗಿ ಕಾಣುತ್ತದೆ. ಮೀಸೆಯಲ್ಲಿ ಉದ್ದುದ್ದ ಕೂದಲಿದ್ದರೆ ಗಂಡು, ತುದಿ ದಪ್ಪಗಿದ್ದರೆ ಹೆಣ್ಣು. ಖಾಲಿ ಮೊಟ್ಟೆಯಲ್ಲಿ ಕಣಜ ಹೊರಬಂದ ತೂತು ಕಾಣುತ್ತದೆ, ಹಾಗಾಗಿ ಎಷ್ಟು ಹುಟ್ಟಿವೆ ಅನ್ನುವ ಅಂದಾಜು ಸಿಗುತ್ತದೆ. ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಇದೇ.

ಎಲ್‌ಇಡಿ ಮಾತ್ರ ತಲೆನೋವು. ಮೇಲಿನಿಂದ ಬೆಳಕು ಬಿದ್ದರೆ ರೆಕ್ಕೆ ಸುಮ್ನೆ ಬಿಳಿಯಾಗಿ ಹೊಳೆಯುತ್ತದೆ. ಆ ದೀಪ ಆರಿಸಿ, ಗಾಜಿನ ಮೇಲೆ ಒಂದು ಹನಿ ಸ್ಪಿರಿಟ್‌ನಲ್ಲಿ ಕಣಜ ಇಟ್ಟು, ಕೆಳಗಿನಿಂದ ಮೊಬೈಲ್ ಬೆಳಕು ಬಿಡಿ. ಆಗ ರೆಕ್ಕೆ ಮೇಲಿನ ಸಣ್ಣ ರೋಮಗಳು ಸಾಲಾಗಿ ಪೈರು ನೆಟ್ಟ ಹಾಗೆ ಕಾಣುತ್ತವೆ. ಪಾದದಲ್ಲಿ ಮೂರೇ ಗೆಣ್ಣು. ಕಷ್ಟಪಟ್ಟರೆ ಎಣಿಸಬಹುದು. ಇದು ಟ್ರೈಕೋಗ್ರಾಮಾ ಸೇರಿರುವ ಇಡೀ ಕಣಜ ಕುಟುಂಬದ ಗುರುತು.

ಆದರೆ ಯಂತ್ರದ ಆಟ ಅಲ್ಲಿಗೆ ಮುಗಿಯಿತು. ಕಿಲೋನಿಸ್‌ಗೆ ಹಳದಿ ಜಾಸ್ತಿ, ಜಪೋನಿಕಂ ಕಪ್ಪು ಅಂತಾರೆ. ಬಣ್ಣ ನಂಬಿ ತೀರ್ಮಾನ ಮಾಡೋಕಾಗಲ್ಲ, ಬೆಳೆದ ಜಾಗದ ಶಾಖಕ್ಕೆ ತಕ್ಕಂತೆ ಅದೂ ಬದಲಾಗುತ್ತದೆ. ಖಚಿತವಾಗಿ ಹೇಳಬೇಕಾದರೆ ಗಂಡಿನ ಜನನಾಂಗವನ್ನೇ ನೋಡಬೇಕು. ಅದರ ಬೆನ್ನಿನ ಕಡೆ ಇರುವ ತೆಳು ಹಾಳೆಯ ಆಕಾರ ಒಂದೊಂದು ಜಾತಿಗೆ ಒಂದೊಂದು ಥರ. ಇದು ಎಷ್ಟು ಮುಖ್ಯ ಅಂತ ತೋರಿಸಿಕೊಟ್ಟವರು ನಮ್ಮ ಬೆಂಗಳೂರಿನಲ್ಲೇ ಕೆಲಸ ಮಾಡಿದ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ. 1971ರ ಅವರ ಪ್ರಬಂಧದ ನಂತರ ಜಗತ್ತೇ ಆ ದಾರಿ ಹಿಡಿಯಿತು. ಆದರೆ ಆ ಭಾಗ ನೋಡಲು ಕಣಜವನ್ನು ರಾಸಾಯನಿಕದಲ್ಲಿ ತಿಳಿಯಾಗಿಸಿ, ಸ್ಲೈಡ್ ಮಾಡಿ, ಕಾಲೇಜು ಲ್ಯಾಬಿನಲ್ಲಿರುವಂಥ ಕಾಂಪೌಂಡ್ ಮೈಕ್ರೋಸ್ಕೋಪ್ ಅಡಿ ಇಡಬೇಕು. ಈ ಯಂತ್ರದಲ್ಲಿ ಹೊಟ್ಟೆಯ ತುದಿ ಒಂದು ಮಸುಕು ಕಲೆ, ಅಷ್ಟೇ. 1600 ಅನ್ನುವುದು ಚಿತ್ರವನ್ನು ಪರದೆ ಮೇಲೆ ಹಿಗ್ಗಿಸಿದ ಲೆಕ್ಕ. ಹಿಗ್ಗಿಸಿದರೆ ಹೊಸ ವಿವರ ಹುಟ್ಟಲ್ಲ, ಅಲ್ವಾ?

ಮಕ್ಕಳಿಗೆ ತೋರಿಸೋಕೆ, ಕಾರ್ಡ್ ಪರೀಕ್ಷೆಗೆ ಧಾರಾಳವಾಗಿ ಕೊಳ್ಳಿ. ಜಾತಿ ತಿಳಿಯಬೇಕು ಅಂತಿದ್ದರೆ ದುಡ್ಡು ಉಳಿಸಿ, ಗಂಡು ಕಣಜಗಳನ್ನು ಸ್ಪಿರಿಟ್‌ನಲ್ಲಿ ಹಾಕಿ ಗೊತ್ತಿರುವ ಕೀಟಶಾಸ್ತ್ರದವರಿಗೆ ಕೊಡಿ. ಹಾಂ, ಜೊತೆಗೆ ಬರುವ ಪ್ಲಾಸ್ಟಿಕ್ ಸ್ಟ್ಯಾಂಡ್ ಅಲುಗಾಡುತ್ತದೆ. ಫೋಕಸ್ ಮಾಡಿ ಕೈ ತೆಗೆದರೆ ಕಣಜ ಪರದೆಯಿಂದ ಮಾಯ. ಕಬ್ಬಿಣದ ಸ್ಟ್ಯಾಂಡ್ ಬೇರೆ ತಗೊಳ್ಳಿ.